ಲೈಫ್ ಟ್ಯಾಕ್ಸ್ ಬೇರೆ, ಆರ್‌ಸಿ ಅವಧಿ ಬೇರೆ: 15 ವರ್ಷ ತುಂಬಿದ ಗಾಡಿಯ ನವೀಕರಣ ಸೇವೆ ಹೇಗಿದೆ?

ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ಬೈಕ್ ಇಟ್ಟುಕೊಂಡವರ ಹತ್ತಿರ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್ ಮಾತು ತೆಗೆದರೆ ಮೊದಲು ಬರುವ ಉತ್ತರ ಒಂದೇ: “ಲೈಫ್ ಟ್ಯಾಕ್ಸ್ ಕಟ್ಟೀವಲ್ರೀ, ಮತ್ತೆಂಥ ರಿನ್ಯೂವಲ್ಲು?” ಈ ಒಂದು ತಪ್ಪು ತಿಳಿವಳಿಕೆಗೆ ಜನ ಸಾವಿರಗಟ್ಟಲೆ ಹಣ ತೆರುತ್ತಿದ್ದಾರೆ. ಆರ್‌ಸಿಯಲ್ಲಿ ತೆರಿಗೆಯ ಸಾಲಿನ ಮುಂದೆ ‘ಎಲ್‌ಟಿಟಿ’ ಎಂದು ಇರುತ್ತದೆ. ಅದು ರಸ್ತೆ ತೆರಿಗೆಯನ್ನು ಗಾಡಿಯ ಆಯುಷ್ಯಕ್ಕೆಲ್ಲ ಒಂದೇ ಸಲ ಕಟ್ಟಿಯಾಗಿದೆ ಎಂಬುದರ ಗುರುತು. ನೋಂದಣಿ ಮಾತ್ರ 15 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 41ನೇ ಕಲಂ ಹೇಳುವುದು ಇದನ್ನೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸೋಣ. 15 ವರ್ಷವಾದ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಓಡಾಡುತ್ತಿದೆ. ವಯಸ್ಸಿನ ಲೆಕ್ಕದಲ್ಲಿ ಖಾಸಗಿ ಗಾಡಿಗಳನ್ನು ರಸ್ತೆಗಿಳಿಸಬಾರದೆಂಬ ಕಟ್ಟುಪಾಡು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ಖಾಸಗಿ ಗಾಡಿ ಸುಸ್ಥಿತಿಯಲ್ಲಿದ್ದರೆ ನವೀಕರಣಕ್ಕೆ ಅಡ್ಡಿಯಿಲ್ಲ. ಸರ್ಕಾರಿ ಇಲಾಖೆಗಳ ವಾಹನಗಳ ನಿಯಮ ಬೇರೆ. ಅವುಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ 15 ವರ್ಷದ ಆಚೆಗೆ ಮುಂದುವರಿಸುವಂತಿಲ್ಲ.

ಸೇವೆಯ ಬಗ್ಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ದಾಖಲೆ ಶುದ್ಧವಾಗಿದ್ದು ಅವಧಿಯೊಳಗೆ ಅರ್ಜಿ ಹಾಕಿದವರಿಗೆ ಕೆಲಸ ಸಲೀಸು, ಖರ್ಚೂ ಹಗುರ. ತಡವಾದವರಿಗೆ, ದಾಖಲೆಯಲ್ಲಿ ಹಳೇ ಸಾಲದ ಹೆಸರೋ ಹಳೇ ಫೋನ್ ನಂಬರೋ ಉಳಿದವರಿಗೆ ಇದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಎಳೆದ ಪ್ರತಿ ತಿಂಗಳಿಗೂ ಬಾಕಿ ಏರುತ್ತದೆ.

ಮೊದಲು ಹಣದ ಲೆಕ್ಕ. ನವೀಕರಣ ಶುಲ್ಕ ನಿಗದಿಯಾಗುವುದು ಕೇಂದ್ರದ ನಿಯಮಾವಳಿಯಲ್ಲಿ. 2022ರ ಏಪ್ರಿಲ್‌ವರೆಗೆ ಬೈಕಿಗೆ 300, ಕಾರಿಗೆ 600 ರೂಪಾಯಿ ಇತ್ತು. ಅಂದಿನಿಂದ 15 ವರ್ಷ ದಾಟಿದ ಬೈಕಿಗೆ 1,000, ಕಾರಿಗೆ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಲ್ಲಿ 20 ವರ್ಷ ದಾಟಿದವುಗಳಿಗೆ ಅದನ್ನು ದುಪ್ಪಟ್ಟು ಮಾಡಿದರು: ಬೈಕಿಗೆ 2,000, ಕಾರಿಗೆ 10,000. ಸ್ಮಾರ್ಟ್ ಕಾರ್ಡ್ ಬೇಕಾದರೆ ಮೇಲೆ 200. ಇದರ ಜೊತೆಗೆ ರಾಜ್ಯದ್ದೇ ಆದ ಹಸಿರು ತೆರಿಗೆ ಇದೆ, 15 ವರ್ಷ ತುಂಬಿದ ದ್ವಿಚಕ್ರಕ್ಕೆ ಐದು ವರ್ಷಕ್ಕೆ 250, ಉಳಿದ ಖಾಸಗಿ ಗಾಡಿಗಳಿಗೆ ಐದು ವರ್ಷಕ್ಕೆ 500 ರೂಪಾಯಿ. ಲೈಫ್ ಟ್ಯಾಕ್ಸ್ ಕಟ್ಟಿದ ಗಾಡಿಗೆ ರಸ್ತೆ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. “ರೋಡ್ ಟ್ಯಾಕ್ಸ್ ಬಾಕಿ ಇದೆ, ಇಷ್ಟಾಗುತ್ತದೆ” ಎಂದು ಯಾರಾದರೂ ದೊಡ್ಡ ಮೊತ್ತ ಹೇಳಿದರೆ, ಅದು ಯಾವ ತೆರಿಗೆ, ಯಾವ ಅವಧಿಯದು ಎಂದು ರಸೀದಿಯ ಸಾಲು ತೋರಿಸುವಂತೆ ಕೇಳಿ.

ಅಂದರೆ ಮೊದಲ ಸಲ ನವೀಕರಣಕ್ಕೆ ಬಂದ ಬೈಕಿಗೆ ಮುಖ್ಯ ಬಾಬ್ತು 1,000, 200, 250 ಸೇರಿ 1,450. ಕಾರಿಗೆ 5,700. ಅರ್ಜಿ ಹಾಕುವ ಸರ್ಕಾರದ ‘ಪರಿವಾಹನ್’ ಪೋರ್ಟಲ್‌ನ ಸೇವಾ ಶುಲ್ಕ, ಅಂಚೆ ವೆಚ್ಚದಂಥ ಸಣ್ಣಪುಟ್ಟ ಸಾಲುಗಳು ಇದರ ಮೇಲೆ ಬರುತ್ತವೆ. ಐದು ವರ್ಷ ಓಡಿಸುವ ಬೈಕಿಗೆ ಇದು ಹೊರೆ ಅನಿಸದು.

ಹೊರೆಯಾಗುವುದು ತಡವಾದಾಗಿನ ಹೆಚ್ಚುವರಿ ಶುಲ್ಕ. ಬೈಕಿಗೆ ತಿಂಗಳಿಗೆ 300, ಉಳಿದ ಖಾಸಗಿ ವಾಹನಕ್ಕೆ ತಿಂಗಳಿಗೆ 500. 2016ರ ಡಿಸೆಂಬರ್‌ನಲ್ಲಿ ಬಂದ ನಿಯಮ ಇದು. ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ತಿಂಗಳ ಭಾಗವನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ. ಅವಧಿ ಜೂನ್ 10ಕ್ಕೆ ಮುಗಿದು, ಮುಂದಿನ ವರ್ಷದ ಆಗಸ್ಟ್ 12ರಂದು ಅರ್ಜಿ ಹಾಕಿದರೆ ಹದಿನಾಲ್ಕು ತಿಂಗಳ ಮೇಲೆ ಎರಡು ದಿನ. ಶುಲ್ಕ ಮಾತ್ರ ಹದಿನೈದು ತಿಂಗಳದ್ದು, 4,500 ರೂಪಾಯಿ. ಎರಡು, ಈ ಶುಲ್ಕಕ್ಕೆ ಮೇಲ್ಮಿತಿಯೇ ಇಲ್ಲ. ಮೂರು ವರ್ಷ ಮರೆತ ಬೈಕಿಗೆ 10,800. ಎರಡು ವರ್ಷ ಮರೆತ ಕಾರಿಗೆ 12,000.

ಈ ಸೇವೆಯಲ್ಲಿ ಅನ್ಯಾಯ ಎನ್ನಬೇಕಾದ್ದು ಇಲ್ಲೇ. 2009–10ರ ನೂರು ಸಿಸಿ ಬೈಕ್ ಇವತ್ತು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋದೀತು? ತಡದ ಶುಲ್ಕ ಗಾಡಿಯ ಬೆಲೆಯನ್ನೇ ಮುಟ್ಟಿದ ಮೇಲೆ ಮಾಲೀಕ ನವೀಕರಣದ ಆಸೆ ಬಿಟ್ಟು, ಆರ್‌ಸಿ ಇಲ್ಲದೆಯೇ ಹೊಲಕ್ಕೂ ಸಂತೆಗೂ ಓಡಿಸುತ್ತಾನೆ. ಅಂಥ ಗಾಡಿ ಎಮಿಷನ್ ಟೆಸ್ಟಿಗೂ ಹೋಗುವುದಿಲ್ಲ, ಇನ್ಶೂರೆನ್ಸನ್ನೂ ಕಾಣುವುದಿಲ್ಲ. ಸುರಕ್ಷತೆಗೆಂದು ಮಾಡಿದ ನಿಯಮ ಗಾಡಿಯನ್ನು ತಪಾಸಣೆಯಿಂದಲೇ ದೂರ ತಳ್ಳುತ್ತಿದೆ. ನವೀಕರಣ ಶುಲ್ಕದ ಇಂತಿಷ್ಟು ಪಟ್ಟು ಮೀರಬಾರದು ಎಂಬ ಒಂದು ಮಿತಿ ಹಾಕಿದ್ದರೂ ಸಾಕಿತ್ತು. ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯ ಜೊತೆ ಇದಕ್ಕಾಗಿ ಜಗಳ ಆಡಿ ಪ್ರಯೋಜನವಿಲ್ಲ. ಮೊತ್ತವನ್ನು ಲೆಕ್ಕ ಹಾಕುವುದು ಸಾಫ್ಟ್‌ವೇರ್, ಅದನ್ನು ಮನ್ನಾ ಮಾಡುವ ಅಧಿಕಾರ ಅವರಿಗಿಲ್ಲ.

ಹಾಗೆಂದು ನವೀಕರಿಸದೆ ಓಡಿಸುವುದೂ ಅಗ್ಗವಲ್ಲ. ಕಾಯ್ದೆಯ 192ನೇ ಕಲಂ ಪ್ರಕಾರ ನೋಂದಣಿಯಿಲ್ಲದ ವಾಹನ ಓಡಿಸಿದರೆ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸಿನದು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಒಂದು ಗಾಡಿ ಕಳವಾದಾಗ, ಪಾಲಿಸಿ ಚಾಲ್ತಿಯಲ್ಲಿದ್ದರೂ ಕಂಪನಿ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಪ್ರೀಮಿಯಂ ಕಟ್ಟಿದ್ದೇನೆ ಎಂಬ ಒಂದೇ ಧೈರ್ಯ ಸಾಲದು.

ಇನ್ನು ಕೆಲಸದ ಕ್ರಮ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಅದಕ್ಕೂ ಮುಂಚೆ ಆಗುವುದಿಲ್ಲ. ಆದರೆ ತಯಾರಿಯನ್ನು ನಾಲ್ಕು ತಿಂಗಳ ಮೊದಲೇ ಶುರು ಮಾಡಬೇಕು, ಏಕೆಂದರೆ ಹೊತ್ತು ತಿನ್ನುವುದು ನವೀಕರಣವಲ್ಲ, ಅದಕ್ಕೆ ಮುಂಚಿನ ತಿದ್ದುಪಡಿಗಳು. ದಿನಾಂಕ ನೋಡಲು ಎಂಪರಿವಾಹನ್ ಆಪ್ ಅಥವಾ ಡಿಜಿಲಾಕರ್ ಸಾಕು. ಖಾಸಗಿ ಬೈಕು, ಕಾರುಗಳಿಗೆ ಅಲ್ಲಿ ‘ಫಿಟ್‌ನೆಸ್’ ಎಂದು ಕಾಣುವ ದಿನಾಂಕವೇ ನೋಂದಣಿಯ ಕೊನೆಯ ದಿನ. ಅದರ ಪಕ್ಕದ ಇನ್ಶೂರೆನ್ಸ್ ದಿನಾಂಕವನ್ನು ನೋಡಿ ‘ಇನ್ನೂ ಟೈಮ್ ಇದೆ’ ಎಂದುಕೊಂಡು ಸುಮ್ಮನಾಗುವವರು ಬಹಳ.

ಮೊದಲ ತೊಡಕು ಫೋನ್ ನಂಬರ್. ಪೋರ್ಟಲ್‌ನಲ್ಲಿ ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ದಾಖಲೆಯಲ್ಲಿರುವ ಮೊಬೈಲಿಗೆ ಒಟಿಪಿ ಹೋಗುತ್ತದೆ. ಹದಿನೈದು ವರ್ಷದ ಹಿಂದೆ ಶೋರೂಮಿನವರು ಬರೆದ ನಂಬರ್ ಇವತ್ತು ಯಾರ ಕೈಯಲ್ಲಿದೆಯೋ! ಇದನ್ನು ಸರಿಪಡಿಸಲು ಪೋರ್ಟಲ್‌ನಲ್ಲೇ ಮೊಬೈಲ್ ನಂಬರ್ ಬದಲಿಸುವ ಸೇವೆ ಇದೆ; ಚಾಸಿ ನಂಬರ್, ಎಂಜಿನ್ ನಂಬರ್, ನೋಂದಣಿಯಾದ ದಿನ, ಅವಧಿ ಮುಗಿಯುವ ದಿನ ನಾಲ್ಕೂ ಆರ್‌ಸಿಯಲ್ಲಿದ್ದಂತೆಯೇ ಹಾಕಬೇಕು. ಒಂದು ಅಕ್ಷರ ತಪ್ಪಿದರೂ ಮುಂದೆ ಹೋಗುವುದಿಲ್ಲ. ಇಂಗ್ಲಿಷಿನ ‘ಒ’ ಅಕ್ಷರವನ್ನೂ ಸೊನ್ನೆಯನ್ನೂ ಅದಲುಬದಲು ಮಾಡಿ ಮೂರ್ನಾಲ್ಕು ಸಲ ಸೋಲುವುದು ಸಾಮಾನ್ಯ. ಕಾರ್ಡ್ ಸವೆದು ಓದಲಾಗದಿದ್ದರೆ ಹಳೇ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎರಡೂ ನಂಬರ್ ಸ್ಪಷ್ಟವಾಗಿರುತ್ತವೆ. ವೆಬ್ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಎಂದು ಖಚಿತ ಮಾಡಿಕೊಂಡೇ ಹಣ ಕಟ್ಟಿ. ವಾಟ್ಸ್‌ಆ್ಯಪ್‌ನಲ್ಲಿ ಆರ್‌ಟಿಒ ಹೆಸರಿನಲ್ಲಿ ಬರುವ ‘ಎಪಿಕೆ’ ಫೈಲುಗಳನ್ನು ಮುಟ್ಟಲೇಬೇಡಿ; ಅವು ಬ್ಯಾಂಕ್ ಖಾತೆ ದೋಚುವವರ ಕೆಲಸ.

ಎರಡನೆಯ ತೊಡಕು ಎಲ್ಲಕ್ಕಿಂತ ದೊಡ್ಡದು: ಹೆಚ್‌ಪಿ, ಅಂದರೆ ಸಾಲ ಕೊಟ್ಟವರ ಹೆಸರು. ಕಂತು ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುತ್ತದೆ, ಏಕೆಂದರೆ ಸಾಲ ಮುಗಿದಾಗ ಅದನ್ನು ತೆಗೆಸುವುದು ಮಾಲೀಕನ ಕೆಲಸ ಎಂದು ಯಾರೂ ಹೇಳಿರುವುದಿಲ್ಲ. ಇದಕ್ಕೆ ಬೇಕಾದ್ದು ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಬ್ಯಾಂಕ್ ಸಹಿ, ಮೊಹರು ಹಾಕಿದ ನಮೂನೆ 35. ನಮ್ಮ ಭಾಗದಲ್ಲಿ 2008–2012ರ ನಡುವೆ ಸಾಲದಲ್ಲಿ ಗಾಡಿ ತೆಗೆದ ಅನೇಕರಿಗೆ ಹಣ ಕೊಟ್ಟ ಬ್ಯಾಂಕೇ ಈಗ ಆ ಹೆಸರಿನಲ್ಲಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಆರ್‌ಸಿಯಲ್ಲಿ ಹಳೇ ಹೆಸರು, ಎನ್‌ಒಸಿಯಲ್ಲಿ ಹೊಸ ಹೆಸರು ಇದ್ದರೆ ಎರಡು ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ. ಹಾಗಾಗಿ ಎನ್‌ಒಸಿ ಪತ್ರದಲ್ಲೇ ‘ಹಿಂದಿನ ಇಂಥ ಬ್ಯಾಂಕ್, ಈಗ ಇಂಥ ಬ್ಯಾಂಕಿನಲ್ಲಿ ವಿಲೀನ’ ಎಂಬ ಒಂದು ಸಾಲನ್ನು ಕೇಳಿ ಬರೆಸಿಕೊಳ್ಳಿ. ಸಾಲದ ಖಾತೆ ನಂಬರ್ ಇಲ್ಲದೆ ಹೋದರೆ ಬ್ಯಾಂಕಿನವರಿಗೂ ಹಳೇ ಕಡತ ಹುಡುಕುವುದು ಕಷ್ಟ. ಹಳೇ ಪಾಸ್‌ಬುಕ್, ಕಂತು ಕಟ್ಟಿದ ಚೀಟಿ ಏನಿದ್ದರೂ ಹಿಡಿದುಕೊಂಡು ಹೋಗಿ. ಎನ್‌ಒಸಿ ಪತ್ರ ಬಹುತೇಕ ಮೂರು ತಿಂಗಳಷ್ಟೇ ಚಾಲ್ತಿಯಲ್ಲಿರುತ್ತದೆ. ಅದನ್ನು ತಂದು ಬೀರುವಿನಲ್ಲಿಟ್ಟರೆ ಮತ್ತೆ ಮೊದಲಿನಿಂದ ಅಲೆಯಬೇಕು.

ವಿಳಾಸದ ಸಂಗತಿಯೂ ಇದೆ. ದಾವಣಗೆರೆಯದು ಕೆಎ-17, ಚಿತ್ರದುರ್ಗದ್ದು ಕೆಎ-16. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದರ ಜೊತೆ ಬಂದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿ ಕೆಎ-17 ಗಾಡಿಗಳು ಈಗಲೂ ಮನೆಮನೆಯಲ್ಲಿವೆ. ಊರು ಬದಲಾಗಿದ್ದರೆ ನಂಬರ್ ಪ್ಲೇಟ್ ಬದಲಿಸಬೇಕಾಗಿಲ್ಲ, ನಮೂನೆ 33ರಲ್ಲಿ ವಿಳಾಸ ಬದಲಾವಣೆ ಮಾಡಿಸಿಕೊಳ್ಳಬೇಕು. ಹೊಸ ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಬಾಡಿಗೆ ಮನೆ ಬಿಟ್ಟು ಹತ್ತು ವರ್ಷವಾಗಿದ್ದರೆ ಅದು ಹೋದಷ್ಟೇ ಬೇಗ ವಾಪಸಾಗುತ್ತದೆ. ಮಾಲೀಕರು ತೀರಿಕೊಂಡಿದ್ದರೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅಪ್ಪನ ಹೆಸರಿನ ಬೈಕನ್ನು ಮಗ ವರ್ಷಗಟ್ಟಲೆ ಓಡಿಸುತ್ತಿರುವ ಮನೆಗಳಲ್ಲಿ ರಿನ್ಯೂವಲ್ ನಿಲ್ಲುವುದು ಇಲ್ಲೇ.

ಇವೆಲ್ಲ ಮುಗಿದ ಮೇಲೆ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಮತ್ತು ಹೆಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್) ಪ್ಲೇಟ್. ಕನಿಷ್ಠ ಥರ್ಡ್ ಪಾರ್ಟಿ ಪಾಲಿಸಿಯಾದರೂ ಚಾಲ್ತಿಯಲ್ಲಿರಲೇಬೇಕು. ಪಾಲಿಸಿ ಮಾಡಿಸಿದ ತಕ್ಷಣ ಅರ್ಜಿಗೆ ಕೂರಬೇಡಿ; ಕಂಪನಿಯ ಮಾಹಿತಿ ಸರ್ಕಾರದ ದಾಖಲೆಗೆ ಸೇರಲು ಒಂದೆರಡು ದಿನ ಬಿಡಿ. 2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ಗಾಡಿಗಳಿಗೆ ಹೆಚ್‌ಎಸ್‌ಆರ್‌ಪಿ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅಂಗಡಿಯಲ್ಲಿ ಬರೆಸಿದ ಪ್ಲೇಟಿನ ಮೇಲೆ ಹೊಳೆಯುವ ಸ್ಟಿಕರ್ ಅಂಟಿಸಿ ತಪಾಸಣೆಗೆ ಹೋದರೆ ಹಿಂದಿರುಗಿ ಬರುವುದು ಖಂಡಿತ. ಬಾಕಿ ಇ-ಚಲನ್‌ಗಳನ್ನೂ ಈ ಹಂತದಲ್ಲೇ ತೀರಿಸಿಬಿಡಿ.

ಆಮೇಲೆ ಪೋರ್ಟಲ್‌ನಲ್ಲಿ ನೋಂದಣಿ ನವೀಕರಣ ಆಯ್ಕೆ ಮಾಡಿ, ಶುಲ್ಕ ಕಟ್ಟಿ, ನಮೂನೆ 25ನ್ನು ಪ್ರಿಂಟ್ ತೆಗೆಯಿರಿ. ಹಣ ಖಾತೆಯಿಂದ ಹೋಗಿ ರಸೀದಿ ಬಾರದಿದ್ದರೆ ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ. ಪೋರ್ಟಲ್‌ನಲ್ಲೇ ನಿಂತುಹೋದ ಪಾವತಿಯನ್ನು ಪರಿಶೀಲಿಸುವ ಆಯ್ಕೆ ಇದೆ. ಅಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ಮೂಲ ಆರ್‌ಸಿ, ಇನ್ಶೂರೆನ್ಸ್, ಎಮಿಷನ್, ವಿಳಾಸದ ದಾಖಲೆ, ಪ್ಯಾನ್ ಜೆರಾಕ್ಸ್ (ಇಲ್ಲದವರಿಗೆ ನಮೂನೆ 60), ಶುಲ್ಕದ ರಸೀದಿ ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ.

ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಸಣ್ಣ ಕೆಲಸದಂತೆ ಕಂಡರೂ ಅರ್ಧ ದಿನ ತಿನ್ನುವ ಕೆಲಸ. ನೂರು ಸಿಸಿಯ ಸ್ಪ್ಲೆಂಡರ್ ಥರದ ಬೈಕಿನಲ್ಲಿ ಅದು ಹ್ಯಾಂಡಲ್ ಕೂರುವ ಕೊಳವೆಯ ಬಲಗಡೆ ಕೆತ್ತಿರುತ್ತದೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಗ್ಗಿದರೆ ವೈರುಗಳ ಹಿಂದೆ ಕಾಣುತ್ತದೆ. ಹದಿನೈದು ವರ್ಷದ ಗ್ರೀಸು, ಧೂಳು ಅಲ್ಲಿ ಕರ್ರಗೆ ಹಪ್ಪಳವಾಗಿ ಗಟ್ಟಿಯಾಗಿರುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸ್ವಲ್ಪ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಾಕಿ ಮೆತ್ತಗೆ ಉಜ್ಜಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಒಣಬಟ್ಟೆಯಲ್ಲಿ ಒರೆಸಬೇಕು. ಎಮರಿ ಪೇಪರ್, ತಂತಿ ಬ್ರಶ್ ಮುಟ್ಟಿಸಲೇಬಾರದು. ಅಂಕಿಯ ಅಂಚು ಗೀಚಿಹೋದರೆ ನಂಬರ್ ತಿದ್ದಿದ್ದಾರೇನೋ ಎಂಬ ಅನುಮಾನಕ್ಕೆ ಗುರಿಯಾಗುತ್ತೀರಿ, ಆಮೇಲೆ ಅದನ್ನು ಬಿಡಿಸುವುದು ನವೀಕರಣಕ್ಕಿಂತ ದೊಡ್ಡ ತಲೆನೋವು. ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲಿನ ಸೀಸವನ್ನು ಅಂಕಿಗಳ ಮೇಲೆ ಅಡ್ಡಡ್ಡ ಉಜ್ಜಿ, ಅಗಲದ ಪಾರದರ್ಶಕ ಟೇಪನ್ನು ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಬಿಡಿಸಿದರೆ ಉಬ್ಬಿದ ಭಾಗ ಕಪ್ಪಾಗಿ, ಅಂಕಿಗಳು ಬೆಳ್ಳಗೆ ಮೂಡಿ ಬರುತ್ತವೆ. ಮೂರು ಪ್ರತಿ ತೆಗೆದಿಟ್ಟುಕೊಳ್ಳಿ. ಗೊಬ್ಬರದ ಚೀಲ ಹೊತ್ತ ಬೈಕುಗಳಲ್ಲಿ ತುಕ್ಕು ನಂಬರಿನ ಮೇಲೇ ಹಬ್ಬಿರುತ್ತದೆ. ಅಂಥದನ್ನು ಮನೆಯಲ್ಲಿ ಕೆರೆಯಬೇಡಿ. ಇದ್ದ ಸ್ಥಿತಿಯಲ್ಲೇ ಬ್ರೇಕ್ ಇನ್ಸ್‌ಪೆಕ್ಟರ್‌ಗೆ (ಆರ್‌ಟಿಒ ಕಚೇರಿಯಲ್ಲಿ ಗಾಡಿ ತಪಾಸಣೆ ಮಾಡುವ ಅಧಿಕಾರಿಗೆ) ತೋರಿಸಿ, ಅವರು ಹೇಳಿದಂತೆ ಮಾಡಿ.

ತಪಾಸಣೆಗೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ಯುವ ಹಿಂದಿನ ದಿನ ಒಂದು ಗಂಟೆ ಮೆಕ್ಯಾನಿಕ್ ಹತ್ತಿರ ಕಳೆದರೆ ಎರಡನೇ ಓಡಾಟ ಉಳಿಯುತ್ತದೆ. ಹೆಡ್‌ಲೈಟಿನ ಡಿಮ್ಮು, ಬ್ರೈಟು, ನಾಲ್ಕೂ ಇಂಡಿಕೇಟರ್, ಎರಡೂ ಬ್ರೇಕಿಗೂ ಹತ್ತುವ ಬ್ರೇಕ್ ಲೈಟ್, ಎರಡು ಕನ್ನಡಿ, ಹಾರನ್. ಹಳೇ ಬೈಕುಗಳಲ್ಲಿ ಮುಂದಿನ ಬ್ರೇಕ್ ಲಿವರಿನ ಸ್ವಿಚ್ಚು ಕೆಟ್ಟಿರುವುದೇ ಹೆಚ್ಚು. ಹಿಂದಿನ ಬ್ರೇಕಿಗೆ ದೀಪ ಹತ್ತುವುದರಿಂದ ಮಾಲೀಕರ ಗಮನಕ್ಕೇ ಬಂದಿರುವುದಿಲ್ಲ. ಟೈರಿನ ಗೀರು ದ್ವಿಚಕ್ರಕ್ಕೆ 0.8 ಮಿಲಿಮೀಟರ್, ಕಾರಿಗೆ 1.6 ಮಿಲಿಮೀಟರ್‌ಗಿಂತ ಸವೆದಿರಬಾರದು. ಸೈಲೆನ್ಸರ್ ಕಂಪನಿಯದೇ ಇರಬೇಕು. ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲಿರುವ ಬಣ್ಣಕ್ಕೆ ತಾಳೆಯಾಗದೆ ನಿಲ್ಲಿಸುತ್ತಾರೆ. ಕಾರುಗಳಲ್ಲಿ ಗಾಜಿಗೆ ಅಂಟಿಸಿದ ಕಪ್ಪು ಫಿಲ್ಮು, ಮುಂದೆ ಕಟ್ಟಿಸಿದ ಕಬ್ಬಿಣದ ಗಾರ್ಡು ಎರಡನ್ನೂ ತೆಗೆಸಿಯೇ ಹೋಗಿ. ಆಮ್ನಿಯಂಥ ಗಾಡಿಗೆ ಆಮೇಲೆ ಹಾಕಿಸಿದ ಗ್ಯಾಸ್ ಕಿಟ್ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಅದೇ ಒಂದು ಪ್ರತ್ಯೇಕ ಅರ್ಜಿಯ ಕೆಲಸ. ಅವಧಿ ಮುಗಿದ ಬೈಕನ್ನು ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಹೆದ್ದಾರಿಯಲ್ಲಿ ಓಡಿಸಿಕೊಂಡು ಬರುವ ಬದಲು ಲಗೇಜ್ ಆಟೊದಲ್ಲಿ ಹಾಕಿಕೊಂಡು ಬರುವುದು ಕ್ಷೇಮ.

ಬಾಡಿಗೆ ಗಾಡಿಗಳ ಲೆಕ್ಕವೇ ಬೇರೆ. ಅವುಗಳಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ತಡವಾದರೆ ದಿನಕ್ಕೆ 50 ರೂಪಾಯಿ, ತಿಂಗಳಿಗೆ 1,500. ಏಳು ವರ್ಷ ತುಂಬಿದ ಮೇಲೆ ಹಸಿರು ತೆರಿಗೆ ವರ್ಷಕ್ಕೆ 200.

ಏಜೆಂಟರ ಮೂಲಕ ಮಾಡಿಸುವುದು ತಪ್ಪೇನಲ್ಲ. ಒಂದು ದಿನದ ಕೂಲಿ ಕಳೆದುಕೊಂಡು ಬರುವವರಿಗೆ, ಪೋರ್ಟಲ್ ಓದಲು ಬಾರದವರಿಗೆ ಅದು ಅನುಕೂಲವೇ. ಆದರೆ ಅರ್ಜಿಯಲ್ಲಿ ಅವರ ಫೋನ್ ನಂಬರ್ ಹಾಕಲು ಬಿಡಬೇಡಿ. ಮುಂದಿನ ಸಲವೂ ಒಟಿಪಿಗೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ. ಸರ್ಕಾರಕ್ಕೆ ಕಟ್ಟಿದ ಹಣದ ರಸೀದಿ ಕೇಳಿ ಪಡೆಯಿರಿ. ನವೀಕರಣ ಶುಲ್ಕ, ತಡದ ಶುಲ್ಕ, ಹಸಿರು ತೆರಿಗೆ ಅದರಲ್ಲಿ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಉಳಿದದ್ದು ಅವರ ಸಂಬಳ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಬಗ್ಗೆ ಒಂದು ಮಾತು. ಓಡಿಸದೆ ಇಟ್ಟರೂ ತಡದ ಶುಲ್ಕ ನಿಲ್ಲುವುದಿಲ್ಲ. ಮತ್ತೆ ಓಡಿಸುವ ಯೋಚನೆ ಇಲ್ಲದಿದ್ದರೆ ಕಾಯ್ದೆಯ 55ನೇ ಕಲಂ ಪ್ರಕಾರ ನೋಂದಣಿ ರದ್ದು ಮಾಡಿಸಿ, ಅಥವಾ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ತೂಕದ ಲೆಕ್ಕದಲ್ಲಿ ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡರೆ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆ ಚಾಸಿ, ಆ ಪ್ಲೇಟ್ ಎಲ್ಲಿ ಸಿಕ್ಕರೂ ಪೊಲೀಸರು ಬರುವುದು ನಿಮ್ಮ ಮನೆಗೆ.

ತಪಾಸಣೆ ಮುಗಿದು ಅನುಮೋದನೆಯಾದ ಮೇಲೆ ಹೊಸ ದಿನಾಂಕ ಕಾರ್ಡಿಗಿಂತ ಮೊದಲೇ ಡಿಜಿಲಾಕರಿನಲ್ಲಿ ಕಾಣುತ್ತದೆ, ಅದನ್ನು ಇಳಿಸಿಟ್ಟುಕೊಳ್ಳಿ. ಕಾರ್ಡ್ ಕೈಗೆ ಬಂದಾಗ ಚಾಸಿ ನಂಬರ್, ಹೊಸ ಅವಧಿ, ಹೆಚ್‌ಪಿ ಸಾಲು ಮೂರನ್ನೂ ಹಳೇ ಕಾರ್ಡಿನ ಜೆರಾಕ್ಸ್ ಪಕ್ಕ ಇಟ್ಟು ಓದಿ. ಮೂಲ ಕಾರ್ಡನ್ನು ಕಚೇರಿಗೆ ಒಪ್ಪಿಸುವ ಮೊದಲು ಅದರ ಎರಡೂ ಬದಿಯ ಜೆರಾಕ್ಸ್ ತೆಗೆದಿಟ್ಟುಕೊಂಡಿದ್ದರೆ ಮಾತ್ರ ಇದು ಸಾಧ್ಯ. ತಪ್ಪು ಕಂಡರೆ ಶುಲ್ಕದ ರಸೀದಿ, ಆ ಜೆರಾಕ್ಸ್ ಹಿಡಿದು ಅದೇ ವಾರ ಕಚೇರಿಗೆ ಹೋಗಿ.